ಗೆದ್ದದ್ದಕ್ಕೇ ನಿಷೇಧ ಹಾಕಿದರಾ? ಮಜ್ದಾ 787ಬಿ ಕಾರಿನ ಪೂರ್ತಿ ಪ್ರಕರಣ

ಕಾರಿನ ಹುಚ್ಚು ಇರುವವರ ನಡುವೆ ಒಂದು ಕಥೆ ಸುಮಾರು ವರ್ಷದಿಂದ ಓಡಾಡುತ್ತಿದೆ. 1991ರಲ್ಲಿ ಮಜ್ದಾ ಕಂಪನಿ ಪಿಸ್ಟನ್ನೇ ಇಲ್ಲದ ಒಂದು ವಿಚಿತ್ರ ಎಂಜಿನ್ ಹಾಕಿಕೊಂಡು ಫ್ರಾನ್ಸಿನ ಲೆ ಮಾನ್‌ನಲ್ಲಿ ನಡೆಯುವ 24 ಗಂಟೆ ರೇಸಿಗೆ ಬಂತು, ಮರ್ಸಿಡಿಸ್, ಜಾಗ್ವಾರ್, ಪೋರ್ಷೆ ಎಲ್ಲರಿಗೂ ಮಣ್ಣು ಮುಕ್ಕಿಸಿತು, ಅದನ್ನು ನೋಡಿ ಹೊಟ್ಟೆ ಉರಿದ ಯುರೋಪಿನವರು ಮರುವರ್ಷವೇ ಆ ಎಂಜಿನ್‌ಗೆ ನಿಷೇಧ ಹಾಕಿಬಿಟ್ಟರು. ಕೇಳೋಕೆ ಚೆನ್ನಾಗಿದೆ. ಸಣ್ಣವನು ಗೆದ್ದ, ದೊಡ್ಡವರು ನಿಯಮ ಬದಲಿಸಿದರು ಅಂದರೆ ನಮಗೆಲ್ಲ ಬೇಗ ಹಿಡಿಸುತ್ತದೆ ಅಲ್ವಾ?

ಗೆದ್ದದ್ದು ನಿಜ. ನಿಷೇಧದ ಕಥೆ ಮಾತ್ರ ತಲೆಕೆಳಗು. ಕಾಗದದಲ್ಲಿ ನಿಯಮ ಮೊದಲು ಬಂತು, ಗೆಲುವು ಆಮೇಲೆ ಬಂತು. ಅಷ್ಟೇ ಅಲ್ಲ, ಆ ನಿಯಮದ ಗೊಂದಲ ಇಲ್ಲದಿದ್ದರೆ ಮಜ್ದಾ ಆ ವರ್ಷ ಗೆಲ್ಲುತ್ತಲೇ ಇರಲಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಅದು ಹೇಗೆ ಅಂತ ಮೊದಲಿನಿಂದ ನೋಡೋಣ.

ನಮ್ಮ ಕಡೆ ಮಜ್ದಾ ಅಂದರೆ ಜನಕ್ಕೆ ನೆನಪಾಗುವುದು ಸ್ವರಾಜ್ ಮಜ್ದಾ ಮಿನಿ ಬಸ್ಸು. ಈ ಕಂಪನಿಗೂ ರೇಸಿಗೂ ಏನು ಸಂಬಂಧ ಅಂತ ಅನ್ನಿಸಿದರೆ ತಪ್ಪೇನಿಲ್ಲ. ಮಜ್ದಾ ಹಿರೋಷಿಮಾದ ಕಂಪನಿ. ಟೊಯೊಟಾ, ನಿಸ್ಸಾನ್‌ಗಳ ಮುಂದೆ ಯಾವತ್ತೂ ಸಣ್ಣದೇ. ದೊಡ್ಡವರ ನಡುವೆ ಉಳಿಯಬೇಕಾದರೆ ಬೇರೆ ಯಾರ ಹತ್ತಿರವೂ ಇಲ್ಲದ್ದು ಏನಾದರೂ ಬೇಕಿತ್ತು. 1961ರಲ್ಲಿ ಜರ್ಮನಿಯ ಎನ್‌ಎಸ್‌ಯು ಕಂಪನಿಯಿಂದ ಫೆಲಿಕ್ಸ್ ವಾಂಕೆಲ್ ಕಂಡುಹಿಡಿದ ರೋಟರಿ ಎಂಜಿನ್ನಿನ ಲೈಸೆನ್ಸ್ ತಂದಿತು. ಆ ಲೈಸೆನ್ಸ್ ತಂದವರು ಇನ್ನೂ ಬೇಕಾದಷ್ಟು ಜನ ಇದ್ದರು. ಒಬ್ಬೊಬ್ಬರಾಗಿ ಎಲ್ಲರೂ ಕೈಬಿಟ್ಟರು, ಮಜ್ದಾ ಬಿಡಲಿಲ್ಲ.

ಎಂಜಿನ್ ಕೆಲಸ ಮಾಡುವ ರೀತಿ ಸ್ವಲ್ಪ ಹೇಳಲೇಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಮಾಮೂಲಿ ಎಂಜಿನ್‌ನಲ್ಲಿ ಪಿಸ್ಟನ್ ಮೇಲೆ ಕೆಳಗೆ ಹೋಗುತ್ತದೆ, ಕ್ರ್ಯಾಂಕ್ ಆ ಚಲನೆಯನ್ನು ತಿರುಗುವಿಕೆಯಾಗಿ ಬದಲಿಸುತ್ತದೆ. ರೋಟರಿಯಲ್ಲಿ ಪಿಸ್ಟನ್ ಇಲ್ಲ, ವಾಲ್ವ್ ಇಲ್ಲ, ಕ್ಯಾಮ್ ಇಲ್ಲ. ಬದಿಗಳು ಉಬ್ಬಿದ ಒಂದು ತ್ರಿಕೋನ, ಅದೇ ರೋಟರ್, ನಡುವಲ್ಲಿ ಸ್ವಲ್ಪ ಒತ್ತಿದಂತಿರುವ ಉದ್ದುರುಟಿನ ಕೋಣೆಯೊಳಗೆ ಸುತ್ತುತ್ತದೆ. ಮೂರು ಮೂಲೆಗಳೂ ಯಾವಾಗಲೂ ಗೋಡೆಗೆ ತಾಗಿಕೊಂಡೇ ಇರುತ್ತವೆ. ಹಾಗಾಗಿ ರೋಟರ್ ಮತ್ತು ಗೋಡೆಯ ನಡುವೆ ಮೂರು ಖಾನೆಗಳು. ರೋಟರ್ ಸುತ್ತುತ್ತಾ ಹೋದಂತೆ ಒಂದು ಖಾನೆ ಗಾಳಿ ಪೆಟ್ರೋಲ್ ಎಳೆದುಕೊಳ್ಳುತ್ತಿದ್ದರೆ, ಇನ್ನೊಂದು ಅದನ್ನು ಒತ್ತುತ್ತಿರುತ್ತದೆ, ಮತ್ತೊಂದರಲ್ಲಿ ಬೆಂಕಿ ಹತ್ತಿ ರೋಟರನ್ನು ಮುಂದಕ್ಕೆ ತಳ್ಳುತ್ತಿರುತ್ತದೆ. ಅಲ್ಲಾಡುವ ಭಾಗ ಕಡಿಮೆ, ನಡುಕ ಕಡಿಮೆ, ಸೈಜು ಚಿಕ್ಕದು, ತೂಕವೂ ಕಡಿಮೆ.

ತೊಂದರೆ ಎರಡು. ಒಂದು, ಆ ಮೂರು ಮೂಲೆಗಳಲ್ಲಿ ಕೂರಿಸುವ ಪಟ್ಟಿ, ಅಪೆಕ್ಸ್ ಸೀಲ್. ಇದು ಗೋಡೆಗೆ ಉಜ್ಜುತ್ತಲೇ ಇರಬೇಕು, ಆದರೆ ಗೋಡೆ ಕೆಡಬಾರದು, ತಾನೂ ಸವೆಯಬಾರದು, ಒಂದು ಖಾನೆಯ ಗ್ಯಾಸು ಇನ್ನೊಂದಕ್ಕೆ ಸೋರಲೂಬಾರದು. ಶುರುವಿನ ಎಂಜಿನ್‌ಗಳನ್ನು ಬಿಚ್ಚಿ ನೋಡಿದರೆ ಗೋಡೆಯ ತುಂಬ ಗೀರುಗೀರು ಅಲೆಗಳು ಎದ್ದಿರುತ್ತಿದ್ದವು. ಮಜ್ದಾದ ಎಂಜಿನಿಯರುಗಳು ಅದಕ್ಕೆ ದೆವ್ವದ ಉಗುರಿನ ಗುರುತು ಅಂತಲೇ ಹೆಸರಿಟ್ಟಿದ್ದರು. ಕೆನಿಚಿ ಯಮಾಮೊಟೊ ಮುಂದಾಳತ್ವದ ಒಂದು ಗುಂಪು ವರ್ಷಗಟ್ಟಲೆ ಇದರ ಹಿಂದೆ ಬಿದ್ದು, ಕಡೆಗೆ ಕಾರ್ಬನ್ ಮತ್ತು ಅಲ್ಯೂಮಿನಿಯಂ ಸೇರಿಸಿದ ಸೀಲ್ ಮಾಡಿ ದಾರಿ ಕಂಡುಕೊಂಡಿತು. 1967ರಲ್ಲಿ ಕಾಸ್ಮೊ ಸ್ಪೋರ್ಟ್ ಕಾರು ಮಾರಾಟಕ್ಕೆ ಬಂತು. ಮರುವರ್ಷವೇ ಅದೇ ಕಾರನ್ನು ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್‌ನಲ್ಲಿ ನಡೆದ 84 ಗಂಟೆ ಓಟಕ್ಕೆ ಬಿಟ್ಟರು. ಹೌದು, ಎಂಬತ್ನಾಲ್ಕು ಗಂಟೆ. ಹೋದ ಎರಡು ಕಾರಿನಲ್ಲಿ ಒಂದು ನಾಲ್ಕನೇ ಸ್ಥಾನ ಪಡೆಯಿತು.

ಎರಡನೇ ತೊಂದರೆ ಪೆಟ್ರೋಲ್. ರೋಟರಿಯಲ್ಲಿ ಬೆಂಕಿ ಹತ್ತುವ ಖಾನೆ ಉದ್ದಕ್ಕೆ ತೆಳ್ಳಗಿರುತ್ತದೆ, ಅದೂ ಒಂದು ಕಡೆ ನಿಲ್ಲದೆ ಮುಂದೆ ಮುಂದೆ ಸರಿಯುತ್ತಾ ಇರುತ್ತದೆ. ಒಂದು ತುದಿಯಲ್ಲಿ ಹತ್ತಿದ ಬೆಂಕಿ ಇನ್ನೊಂದು ತುದಿಗೆ ಮುಟ್ಟುವುದರೊಳಗೆ ಹೊತ್ತು ಮೀರಿರುತ್ತದೆ. ಸ್ವಲ್ಪ ಪೆಟ್ರೋಲ್ ಪೂರ್ತಿ ಉರಿಯದೆ ಹೊರಗೆ ಹೋಗುತ್ತದೆ. ರಸ್ತೆ ಕಾರಿನಲ್ಲಿ ಇದು ಮಾಲೀಕನ ಜೇಬಿನ ವಿಷಯ. ಆದರೆ ಆ ಕಾಲದ ಲೆ ಮಾನ್ ರೇಸಿನಲ್ಲಿ ಇಡೀ 24 ಗಂಟೆಗೆ ಇಷ್ಟೇ ಪೆಟ್ರೋಲ್ ಅಂತ ಮಿತಿ ಇರುತ್ತಿತ್ತು. ಅಲ್ಲಿ ಇದು ಸೋಲು ಗೆಲುವಿನ ವಿಷಯ.

ಈಗ ಲೆ ಮಾನ್‌ನಲ್ಲಿ ಇವರ ಚರಿತ್ರೆ. 1970ರಲ್ಲಿ ಒಂದು ಬೆಲ್ಜಿಯಂ ತಂಡ ಷೆವ್ರಾನ್ ಕಾರಿಗೆ ಮಜ್ದಾ ರೋಟರಿ ಕೂರಿಸಿಕೊಂಡು ಬಂತು, ಮುಗಿಸಲಿಲ್ಲ. 1973ರಲ್ಲಿ ಜಪಾನಿನ ಸಿಗ್ಮಾ ತಂಡ ಬಂತು, ಅದೂ ಮುಗಿಸಲಿಲ್ಲ. 1979ರಲ್ಲಿ ಆರ್‌ಎಕ್ಸ್-7 ತಂದರು, ಅರ್ಹತಾ ಸುತ್ತೇ ದಾಟಲಿಲ್ಲ. 1981ರಲ್ಲಿ ತಂದ ಎರಡೂ ಕಾರು ಅರ್ಧಕ್ಕೆ ನಿಂತವು. 1982ರಲ್ಲಿ 14ನೇ ಸ್ಥಾನ. 1983ರಲ್ಲಿ 717ಸಿ ಅನ್ನುವ ಪುಟ್ಟ ಕಾರು ತನ್ನ ವರ್ಗದಲ್ಲಿ ಗೆದ್ದಿತು, ಒಟ್ಟಾರೆ 12ನೆಯದು. 1987ರಲ್ಲಿ ಮೂರು ರೋಟರಿನ 757 ಏಳನೇ ಸ್ಥಾನಕ್ಕೆ ಬಂತು. 1989ರಲ್ಲಿ ನಾಲ್ಕು ರೋಟರಿನ 767ಬಿ ಕಾರುಗಳು 7, 9, 12. ಹೀಗೆ ಇಂಚು ಇಂಚಾಗಿ ಮೇಲೆ ಬರುತ್ತಿದ್ದರು, ಆದರೆ ಮೊದಲ ಮೂರರ ಹತ್ತಿರವೂ ಸುಳಿದಿರಲಿಲ್ಲ. ಮುಂದಿದ್ದವರು ಪೋರ್ಷೆ, ಜಾಗ್ವಾರ್, ಮರ್ಸಿಡಿಸ್. ಮಜ್ದಾ ಬಂದಿದೆ ಅಂದರೆ ಜನ ಅದರ ಕಿರುಚುವ ಸದ್ದು ಕೇಳೋಕೆ ಬರುತ್ತಿದ್ದರು, ಗೆಲ್ಲುತ್ತೆ ಅಂತ ಯಾರೂ ಬರುತ್ತಿರಲಿಲ್ಲ.

1990ರಲ್ಲಿ ಹೊಸ 787 ಬಂತು. ವಿನ್ಯಾಸ ಬ್ರಿಟನ್ನಿನ ನೈಜೆಲ್ ಸ್ಟ್ರೌಡ್ ಅವರದು, ಎಂಜಿನ್ ಹೊಸ ಆರ್26ಬಿ. ಎರಡು 787 ಓಡಿದವು, ಎರಡೂ ನಿಂತವು. ಹಳೆಯ 767ಬಿ ಹೇಗೋ 20ನೇ ಸ್ಥಾನದಲ್ಲಿ ಮುಗಿಸಿತು. ಇಪ್ಪತ್ತು ವರ್ಷದ ಪಾಡಿಗೆ ಇದಾ ಫಲ ಅಂತ ಅನ್ನಿಸುವಂಥ ವರ್ಷ.

ನಿಜವಾದ ಕಥೆ ಶುರುವಾಗುವುದೇ ಇಲ್ಲಿಂದ, ಅದೂ ಟ್ರ್ಯಾಕಿನ ಹೊರಗೆ.

ಆಗ ಅಂತರರಾಷ್ಟ್ರೀಯ ರೇಸುಗಳ ನಿಯಮ ಮಾಡುತ್ತಿದ್ದದ್ದು ಫೀಸಾ ಅನ್ನುವ ಸಂಸ್ಥೆ. ಸ್ಪೋರ್ಟ್ಸ್ ಕಾರ್ ರೇಸಿನಲ್ಲೂ ಫಾರ್ಮುಲಾ ಒನ್‌ನಲ್ಲಿ ಇರುವಂಥದ್ದೇ 3.5 ಲೀಟರಿನ, ಟರ್ಬೊ (ಎಂಜಿನ್ ಒಳಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ) ಇಲ್ಲದ ಪಿಸ್ಟನ್ ಎಂಜಿನ್ ಇರಬೇಕು ಅಂತ ಅದು ಆಗಲೇ ತೀರ್ಮಾನ ಮಾಡಿತ್ತು. ಅಂದರೆ ರೋಟರಿಗೆ ಬಾಗಿಲು ಮುಚ್ಚುತ್ತಿತ್ತು. ರೋಟರಿಗೆ ಮಾತ್ರ ಅಲ್ಲ, ಮರ್ಸಿಡಿಸ್‌ನ 5 ಲೀಟರ್ ಟರ್ಬೊ ವಿ8ಗೂ, ಜಾಗ್ವಾರ್‌ನ 7.4 ಲೀಟರ್ ವಿ12ಗೂ, ಪೋರ್ಷೆಯ ಟರ್ಬೊಗೂ ಅದೇ ಗತಿ. ಇದೆಲ್ಲ 1991ರ ಜೂನ್‌ಗಿಂತ ಎಷ್ಟೋ ಮೊದಲೇ ಆಗಿದ್ದು. ಮಜ್ದಾ ಇನ್ನೂ ಲೆ ಮಾನ್ ಗೆದ್ದಿರಲಿಲ್ಲ. ಏಳನೇ ಸ್ಥಾನಕ್ಕೆ ಬಂದವರನ್ನು ನೋಡಿ ಹೊಟ್ಟೆ ಉರಿದುಕೊಳ್ಳುವವರು ಯಾರು?

ಲೆಕ್ಕ ತಪ್ಪಿದ್ದು ಫೀಸಾದ್ದೇ. ಹೊಸ 3.5 ಲೀಟರ್ ಕಾರು ಮಾಡುವುದು ಅಂದರೆ ಹಣ ಸುರಿಯಬೇಕು. 1991 ಬಂದರೂ ಅಂಥ ಕಾರುಗಳು ಬೆರಳೆಣಿಕೆಯಷ್ಟೇ ಇದ್ದವು. ಅಷ್ಟನ್ನೇ ಇಟ್ಟುಕೊಂಡು ಲೆ ಮಾನ್ ನಡೆಸಿದರೆ ಮೈದಾನ ಖಾಲಿ ಹೊಡೆಯುತ್ತದೆ. ಹಾಗಾಗಿ ಇದೊಂದು ವರ್ಷ ಹಳೆಯ ಕಾರುಗಳೂ ಬರಲಿ ಅಂತ ಒಪ್ಪಿಕೊಂಡರು. ಆದರೆ ಹಳಬರು ಹೊಸಬರ ಮುಂದೆ ಮೆರೆಯಬಾರದಲ್ಲ, ಅದಕ್ಕೆ ಎರಡು ಕಟ್ಟುಪಾಡು ಹಾಕಿದರು. ಒಂದು, ಗ್ರಿಡ್‌ನ, ಅಂದರೆ ರೇಸ್ ಶುರುವಾಗುವಾಗ ಕಾರುಗಳು ನಿಲ್ಲುವ ಸಾಲಿನ, ಮೊದಲ ಹತ್ತು ಜಾಗ ಹೊಸ ಕಾರುಗಳಿಗೆ ಮೀಸಲು, ಅವು ಎಷ್ಟೇ ನಿಧಾನ ಇದ್ದರೂ ಸರಿ. ಎರಡು, ಹಳೆಯ ಕಾರುಗಳಿಗೆ ತೂಕದ ದಂಡ. ಹೊಸ ಕಾರಿಗೆ ಕನಿಷ್ಠ 750 ಕೆಜಿ, ಮರ್ಸಿಡಿಸ್ ಮತ್ತು ಜಾಗ್ವಾರ್‌ನಂಥ ಹಳಬರಿಗೆ 1000 ಕೆಜಿ.

ಮಜ್ದಾದ ರೇಸ್ ವಿಭಾಗ ಮಜ್ದಾಸ್ಪೀಡ್. ಅದರ ಮುಖ್ಯಸ್ಥರು ತಕಾಯೊಶಿ ಒಹಾಶಿ. ಇವರು ಫೀಸಾದ ಹತ್ತಿರ ಹೋಗಿ, ನಮ್ಮದು ಬೇರೆ ಜಾತಿಯ ಎಂಜಿನ್, ನಾವು ಇಷ್ಟು ವರ್ಷ ಓಡಿದ್ದೂ ಬೇರೆ ವರ್ಗದಲ್ಲಿ, ನಮಗೂ 1000 ಕೆಜಿ ಹಾಕಿದರೆ ಹೇಗೆ ಅಂತ ವಾದ ಮಾಡಿ 830 ಕೆಜಿಗೆ ಒಪ್ಪಿಸಿಕೊಂಡು ಬಂದರು. ಬೇರೆ ತಂಡದವರು ದೊಡ್ಡ ಗಲಾಟೆ ಏನೂ ಎಬ್ಬಿಸಲಿಲ್ಲ. ಹೋದ ವರ್ಷ 20ನೇ ಸ್ಥಾನಕ್ಕೆ ಬಂದವರಿಗೆ ಏನು ಕೊಟ್ಟರೇನು ಅಂತ ಸುಮ್ನೆ ಬಿಟ್ಟಿರಬೇಕು. ನನ್ನನ್ನು ಕೇಳಿದರೆ 1991ರ ಲೆ ಮಾನ್ ಅರ್ಧ ಗೆದ್ದದ್ದು ಆ ಮಾತುಕತೆಯಲ್ಲೇ.

170 ಕೆಜಿ ವ್ಯತ್ಯಾಸ ಅಂದರೆ ಎಷ್ಟು? 25 ಕೆಜಿಯ ಅಕ್ಕಿ ಮೂಟೆ ಹತ್ತಿರ ಹತ್ತಿರ ಏಳು. ಜಾಗ್ವಾರ್ ಚಾಲಕ ಅಷ್ಟನ್ನೂ ಹೊತ್ತುಕೊಂಡೇ ಪ್ರತಿ ತಿರುವಿನಲ್ಲಿ ಬ್ರೇಕ್ ಹಾಕಬೇಕು, ತಿರುವು ದಾಟಿದ ಮೇಲೆ ಮತ್ತೆ ಅಷ್ಟನ್ನೂ ಎಳೆದುಕೊಂಡು ವೇಗ ಹಿಡಿಯಬೇಕು. ಅದರ ಹಿಂದಿನ ವರ್ಷ, 1990ರಲ್ಲಿ, ಲೆ ಮಾನ್‌ನ ಉದ್ದನೆಯ ನೇರ ರಸ್ತೆಯ ನಡುವೆ ಎರಡು ಅಡ್ಡ ತಿರುವು ಹಾಕಿದ್ದರು. ಅಂದರೆ ಬ್ರೇಕ್ ಹಾಕಿ ಮತ್ತೆ ಎಳೆಯುವ ಕೆಲಸ ಇನ್ನೂ ಜಾಸ್ತಿ. ತೂಕ ಕಡಿಮೆ ಇದ್ದವನಿಗೆ ಟೈರ್ ಉಳಿಯುತ್ತದೆ, ಬ್ರೇಕ್ ಉಳಿಯುತ್ತದೆ, ಎಲ್ಲಕ್ಕಿಂತ ಮುಖ್ಯವಾಗಿ ಪೆಟ್ರೋಲ್ ಉಳಿಯುತ್ತದೆ. ರೋಟರಿಯ ದೊಡ್ಡ ಕಾಯಿಲೆಯೇ ಪೆಟ್ರೋಲ್ ಅಂತ ಆಗಲೇ ಹೇಳಿದೆನಲ್ಲ. ಔಷಧಿ ಎಂಜಿನ್‌ನಲ್ಲಿ ಪೂರ್ತಿ ಸಿಗಲಿಲ್ಲ, ಉಳಿದದ್ದು ತೂಕದಲ್ಲಿ ಸಿಕ್ಕಿತು.

ಹಾಗಂತ ಎಂಜಿನ್ ಕಡೆ ಕೈಕಟ್ಟಿ ಕೂತಿರಲಿಲ್ಲ. ಆರ್26ಬಿ ಎಂಜಿನ್ನೇ ಒಂದು ನೋಡುವಂಥ ವಸ್ತು. 654 ಸಿಸಿಯ ನಾಲ್ಕು ರೋಟರ್ ಒಂದರ ಹಿಂದೆ ಒಂದು, ಒಟ್ಟು 2616 ಸಿಸಿ. 9000 ಆರ್‌ಪಿಎಂನಲ್ಲಿ ಸುಮಾರು 700 ಎಚ್‌ಪಿ, ಟರ್ಬೊ ಇಲ್ಲದೆ. ಅಪೆಕ್ಸ್ ಸೀಲ್ ಸಿರಾಮಿಕ್‌ನದು. ಪ್ರತಿ ರೋಟರಿಗೂ ಮೂರು ಸ್ಪಾರ್ಕ್ ಪ್ಲಗ್, ಅಂದರೆ ಇಡೀ ಎಂಜಿನ್‌ಗೆ ಹನ್ನೆರಡು. ಬೆಂಕಿ ಮುಟ್ಟದ ಆ ಹಿಂದಿನ ತುದಿ ಇದೆಯಲ್ಲ, ಅಲ್ಲಿಗೇ ಮೂರನೇ ಪ್ಲಗ್ ಕೂರಿಸಿ ಅಲ್ಲಿಯೂ ಕಿಡಿ ಹಾಕಿದರು. ವ್ಯರ್ಥ ಹೋಗುತ್ತಿದ್ದ ಪೆಟ್ರೋಲ್ ಸ್ವಲ್ಪ ಕೈಗೆ ಬಂತು.

ನನಗೆ ತುಂಬ ಇಷ್ಟವಾಗುವ ಭಾಗ ಗಾಳಿ ಎಳೆಯುವ ಕೊಳವೆಗಳು. ಎಂಜಿನ್ ಒಳಗೆ ಗಾಳಿ ಅಲೆಅಲೆಯಾಗಿ ಹೋಗುತ್ತದೆ. ಕೊಳವೆಯ ಉದ್ದ ಸರಿಯಾಗಿದ್ದರೆ ಆ ಅಲೆಯೇ ಇನ್ನಷ್ಟು ಗಾಳಿಯನ್ನು ಒಳಗೆ ತಳ್ಳುತ್ತದೆ. ಕಷ್ಟ ಏನಂದರೆ ಕಡಿಮೆ ಆರ್‌ಪಿಎಂನಲ್ಲಿ ಉದ್ದ ಕೊಳವೆ ಬೇಕು, ಜಾಸ್ತಿಯಲ್ಲಿ ಗಿಡ್ಡ ಬೇಕು. ಮಾಮೂಲಿ ಎಂಜಿನ್‌ನಲ್ಲಿ ಯಾವುದೋ ಒಂದು ಉದ್ದಕ್ಕೆ ರಾಜಿ ಮಾಡಿಕೊಂಡು ಸುಮ್ಮನಾಗುತ್ತಾರೆ. ಇವರು ಒಂದರೊಳಗೆ ಒಂದು ಜಾರುವ ಕೊಳವೆ ಹಾಕಿದರು. ಎಂಜಿನ್ ವೇಗ ಏರಿದಂತೆ ತಾನಾಗಿ ಗಿಡ್ಡವಾಗುತ್ತದೆ, ಇಳಿದಂತೆ ಉದ್ದವಾಗುತ್ತದೆ. ಎಂಜಿನ್ ಮುಚ್ಚಳ ತೆಗೆದು ಆಕ್ಸಿಲರೇಟರ್ ಕೊಡುವ ವಿಡಿಯೊಗಳಿವೆ, ನಾಲ್ಕೂ ಕೊಳವೆ ಒಟ್ಟಿಗೆ ಮೇಲೆ ಕೆಳಗೆ ಆಡುವುದು ಕಣ್ಣಿಗೆ ಕಾಣುತ್ತದೆ. ಇದರಿಂದ ತಿರುವಿನಿಂದ ಹೊರಬರುವಾಗ ಎಂಜಿನ್ ಎಳೆತ ಚೆನ್ನಾಗಿರುತ್ತದೆ, ಸುಮ್ಮನೆ ಆರ್‌ಪಿಎಂ ಏರಿಸಿ ಪೆಟ್ರೋಲ್ ಸುಡುವುದು ತಪ್ಪುತ್ತದೆ.

1991ಕ್ಕೆ ಕಾರನ್ನೂ ತಿದ್ದಿದರು. ದೊಡ್ಡ ಚಕ್ರ, ಅದಕ್ಕೆ ತಕ್ಕ ಸಸ್ಪೆನ್ಷನ್, ಕಾರ್ಬನ್ ಬ್ರೇಕ್. ಹೆಸರಿನ ಹಿಂದೆ ಒಂದು ಬಿ ಸೇರಿತು. ಲೆ ಮಾನ್‌ನಲ್ಲಿ ಆರು ಸಲ ಗೆದ್ದಿದ್ದ ಜಾಕಿ ಇಕ್ಸ್ ಅವರನ್ನು ಸಲಹೆಗಾರರಾಗಿ ಕರೆತಂದಿದ್ದರು. ಟ್ರ್ಯಾಕಿನಲ್ಲಿ ತಂಡ ನಡೆಸೋಕೆ ಫ್ರಾನ್ಸಿನ ಓರೆಕಾ ಜೊತೆಗಿತ್ತು. ಒಟ್ಟು ಮೂರು ಕಾರು: 55 ಮತ್ತು 18ನೇ ನಂಬರಿನ 787ಬಿ, 56ನೇ ನಂಬರಿನ ಹಳೆಯ 787. 55ಕ್ಕೆ ರೆನೌನ್ ಅನ್ನುವ ಜಪಾನಿನ ಬಟ್ಟೆ ಕಂಪನಿಯ ಕಿತ್ತಳೆ ಹಸಿರು ಚೌಕುಳಿ ಬಣ್ಣ. ಕಣ್ಣಿಗೆ ಹೊಡೆಯುವಂಥ ಬಣ್ಣ. ಈಗ ಆಟಿಕೆ ಕಾರಿನಿಂದ ಹಿಡಿದು ವಿಡಿಯೊ ಗೇಮ್ ತನಕ ಎಲ್ಲಾ ಕಡೆ ಅದೇ.

55ಕ್ಕೆ ಹಾಕಿದ ಮೂವರೂ ಹುಡುಗರು, ಫಾರ್ಮುಲಾ ಕಾರು ಓಡಿಸುತ್ತಿದ್ದವರು. ಬ್ರಿಟನ್ನಿನ ಜಾನಿ ಹರ್ಬರ್ಟ್, ಜರ್ಮನಿಯ ಫೋಲ್ಕರ್ ವೈಡ್ಲರ್, ಬೆಲ್ಜಿಯಂನ ಬರ್ಟ್ರಾಂಡ್ ಗಾಶೊ. ಹರ್ಬರ್ಟ್‌ಗೆ 1988ರಲ್ಲಿ ಬ್ರಾಂಡ್ಸ್ ಹ್ಯಾಚ್‌ನಲ್ಲಿ ಭಯಂಕರ ಅಪಘಾತವಾಗಿ ಎರಡೂ ಪಾದ ನುಜ್ಜುಗುಜ್ಜಾಗಿದ್ದವು, ಆ ನೋವು ಇಟ್ಟುಕೊಂಡೇ ಓಡಿಸುತ್ತಿದ್ದರು. ಇವರಿಗೆ ಒಹಾಶಿ ಕೊಟ್ಟ ಅಪ್ಪಣೆ ನೇರ: 24 ಗಂಟೆ ರೇಸು ಅಂತ ಹುಷಾರಾಗಿ ಓಡಿಸಬೇಡಿ, ಸಣ್ಣ ರೇಸಿನ ಹಾಗೆ ದಬಾಯಿಸಿ. ಎಂಜಿನ್ ತಡೆಯುತ್ತದೆ ಅನ್ನುವ ಧೈರ್ಯ ಅವರಿಗಿತ್ತು.

ಇಲ್ಲಿ ಒಬ್ಬರ ಹೆಸರು ಹೇಳದೆ ಮುಂದೆ ಹೋಗೋಕೆ ಮನಸ್ಸಾಗುವುದಿಲ್ಲ. ಯೊಜಿರೊ ತೆರಾದಾ. 1974ರಿಂದ ಲೆ ಮಾನ್‌ಗೆ ಬರುತ್ತಿದ್ದವರು, ಆ ಸೋಲುಗಳನ್ನೆಲ್ಲ ಸ್ಟಿಯರಿಂಗ್ ಹಿಡಿದು ಅನುಭವಿಸಿದವರು. ಒಟ್ಟು 29 ಸಲ ಆ ರೇಸ್ ಓಡಿದ್ದಾರೆ. 1991ರಲ್ಲಿ ಅವರಿದ್ದದ್ದು 56ನೇ ನಂಬರಿನ ಹಳೆಯ ಕಾರಿನಲ್ಲಿ.

ಜೂನ್ 22, ಶನಿವಾರ ಸಂಜೆ 4ಕ್ಕೆ ರೇಸ್ ಶುರು. 55ನೇ ಕಾರು ಅರ್ಹತಾ ಸುತ್ತಿನಲ್ಲಿ 12ನೇ ವೇಗದ ಸಮಯ ಹಾಕಿತ್ತು, ಆದರೆ ಹೊಸ ಕಾರುಗಳ ಮೀಸಲಾತಿಯಿಂದ 19ನೇ ಜಾಗದಲ್ಲಿ ನಿಂತಿತ್ತು. ಮುಂದೆ ನಿಂತಿದ್ದ ಎರಡು ಪ್ಯೂಜೊ ಕಾರುಗಳು, ಅದೇ ಹೊಸ 3.5 ಲೀಟರಿನವು, ಮೊದಮೊದಲು ಹಾರಿಕೊಂಡು ಹೋದವು, ಕೆಲವೇ ಗಂಟೆಯಲ್ಲಿ ಎರಡೂ ಮನೆಗೆ. ಯಾವ ಕಾರುಗಳಿಗೆ ದಾರಿ ಮಾಡಿಕೊಡೋಕೆ ಅಂತ ಇಷ್ಟೆಲ್ಲ ನಿಯಮ ಮಾಡಿದ್ದರೋ ಆ ಕಾರುಗಳು ಕತ್ತಲಾದ ಮೇಲೆ ಲೆಕ್ಕಕ್ಕೇ ಇರಲಿಲ್ಲ. ಮುಂದಾಳತ್ವ ಮರ್ಸಿಡಿಸ್ ಸಿ11ಗಳ ಕೈಗೆ ಬಂತು.

ಈಗ ಪೆಟ್ರೋಲ್ ಲೆಕ್ಕ ನೋಡಿ. ಒಂದು ಕಾರಿಗೆ 24 ಗಂಟೆಗೆ 2550 ಲೀಟರ್. ಒಂದು ಸುತ್ತು 13.6 ಕಿಮೀ. 55ನೇ ಕಾರು ಕಡೆಗೆ ಓಡಿದ್ದು 362 ಸುತ್ತು. ಭಾಗಿಸಿದರೆ ಒಂದು ಸುತ್ತಿಗೆ ಜಾಸ್ತಿ ಅಂದರೆ ಏಳು ಲೀಟರ್ ಚಿಲ್ಲರೆ. ನಮ್ಮಲ್ಲಿ ಯಾವ ಗಾಡಿ ನೋಡಿದರೂ ಮೊದಲು ಕೇಳುವುದು ಎಷ್ಟು ಕೊಡುತ್ತೆ ಅಂತ, ಅಲ್ವಾ? ಕೊಟ್ಟ ಪೆಟ್ರೋಲ್ ಪೂರ್ತಿ ಖಾಲಿಯಾಗಿದೆ ಅಂದುಕೊಂಡರೂ ಇದು ಲೀಟರಿಗೆ 1.93 ಕಿಮೀ ಕೊಟ್ಟಿದೆ. ನಗು ಬರಬಹುದು, ಆದರೆ ಗಂಟೆಗೆ ಸರಾಸರಿ 205 ಕಿಮೀ ವೇಗದಲ್ಲಿ, ಪೆಟ್ರೋಲ್, ಟೈರಿಗೆ ಅಂತ ಪಿಟ್‌ನಲ್ಲಿ ನಿಂತ ಹೊತ್ತೂ ಸೇರಿಸಿ, ಅಷ್ಟು ಕೊಟ್ಟಿದೆ. 1000 ಕೆಜಿಯ ಜಾಗ್ವಾರ್‌ಗೆ, ಅದರಲ್ಲೂ 7.4 ಲೀಟರಿನ ಆ ವಿ12ಗೆ, ಇಷ್ಟೇ ಪೆಟ್ರೋಲ್‌ನಲ್ಲಿ ಇದೇ ವೇಗ ಸಾಧ್ಯವಿರಲಿಲ್ಲ. ಚಾಲಕರು ಮೀಟರ್ ನೋಡಿಕೊಂಡು ಕಾಲು ಹಗುರ ಮಾಡಬೇಕಾಯಿತು. ಮಜ್ದಾದವರು ದಬಾಯಿಸುತ್ತಲೇ ಇದ್ದರು. ರಾತ್ರಿಯಿಡೀ ಒಂದೊಂದೇ ಜಾಗ ಮೇಲೇರಿ ಭಾನುವಾರ ಬೆಳಗಿನ ಹೊತ್ತಿಗೆ ಅವರ ಮುಂದೆ ಉಳಿದದ್ದು ಒಂದೇ ಕಾರು: ಶ್ಲೆಸರ್, ಯೋಕನ್ ಮಾಸ್, ಅಲೆನ್ ಫೆರ್ಟೆ ಅವರ 1ನೇ ನಂಬರಿನ ಮರ್ಸಿಡಿಸ್.

ಅದು ಹಿಡಿಯೋಕೆ ಆಗದಷ್ಟು ಮುಂದಿತ್ತು, ಸುತ್ತುಗಳ ಲೆಕ್ಕದಲ್ಲಿ. ಮಜ್ದಾ ಎಷ್ಟೇ ದಬಾಯಿಸಿದರೂ ಉಳಿದ ಹೊತ್ತಿನಲ್ಲಿ ಅದನ್ನು ಮುಟ್ಟುವ ಮಾತೇ ಇರಲಿಲ್ಲ. ಆಮೇಲೆ ಮಧ್ಯಾಹ್ನ ಒಂದರ ಸುಮಾರಿಗೆ, ರೇಸ್ ಮುಗಿಯೋಕೆ ಇನ್ನು ಮೂರು ಗಂಟೆ ಇದೆ ಅನ್ನುವಾಗ, ಆ ಮರ್ಸಿಡಿಸ್ ಹೊಗೆ ಬಿಡುತ್ತಾ ಪಿಟ್‌ಗೆ ಬಂತು. ಆಲ್ಟರ್ನೇಟರ್ ಹಿಡಿದಿಡುವ ಒಂದು ಬ್ರಾಕೆಟ್ ಮುರಿದಿತ್ತು. ನೀರಿನ ಪಂಪ್ ತಿರುಗಿಸುವ ಬೆಲ್ಟ್ ಅದರ ಜೊತೆಗೇ ಹೋಯಿತು. ಪಂಪ್ ನಿಂತಿತು, ಎಂಜಿನ್ ಕಾದು ಕುದಿಯಿತು. ಮೆಕ್ಯಾನಿಕ್‌ಗಳು ಮುಚ್ಚಳ ತೆಗೆದು ಒದ್ದಾಡಿದರು, ಉಪಯೋಗ ಆಗಲಿಲ್ಲ. ಕಿತ್ತಳೆ ಹಸಿರಿನ ಕಾರು ಮುಂದಕ್ಕೆ ಬಂತು.

ಹಾಗಾದರೆ ಇದು ಅದೃಷ್ಟದ ಗೆಲುವಾ? ಮೊದಲನೇ ಸ್ಥಾನಕ್ಕೆ ಅದೃಷ್ಟ ಬೇಕಾಯಿತು, ಇದರಲ್ಲಿ ವಾದವೇ ಇಲ್ಲ. ಆದರೆ ಎರಡನೇ ಸ್ಥಾನವನ್ನು ಯಾರೂ ತಂದುಕೊಡಲಿಲ್ಲ. 1990ರಲ್ಲಿ ಗೆದ್ದ ಜಾಗ್ವಾರ್ ಓಡಿದ್ದು 359 ಸುತ್ತು. 1991ರಲ್ಲಿ ಎರಡನೇ ಸ್ಥಾನಕ್ಕೆ ಬಂದ ಜಾಗ್ವಾರ್ 360 ಸುತ್ತು ಓಡಿತು, ಅಂದರೆ ಹಿಂದಿನ ವರ್ಷದ ವಿಜೇತನಿಗಿಂತ ಜಾಸ್ತಿ. ಆದರೂ ಮಜ್ದಾದ 362ರ ಮುಂದೆ ಸಾಲಲಿಲ್ಲ. ಎರಡು, ಮೂರು, ನಾಲ್ಕನೇ ಸ್ಥಾನ ಮೂರೂ ಜಾಗ್ವಾರ್‌ನವೇ. ಒಂದು ಕಾರು ಕೈಕೊಟ್ಟಿದ್ದರೆ ಅದೃಷ್ಟ ಅನ್ನಬಹುದು, ಇಲ್ಲಿ ಮೂರು ಗಟ್ಟಿ ಜಾಗ್ವಾರ್‌ಗಳನ್ನು ಹಿಂದೆ ಹಾಕಿದ್ದಾರೆ. ಮಜ್ದಾದ ಉಳಿದ ಎರಡು ಕಾರುಗಳೂ ಮುಗಿಸಿದವು, ಆರನೇ ಮತ್ತು ಎಂಟನೇ ಸ್ಥಾನ. ಎಂಟನೆಯದರಲ್ಲಿ ತೆರಾದಾ ಇದ್ದರು. ಹಿಂದಿನ ವರ್ಷ ಎರಡೂ ಹೊಸ ಕಾರು ನಿಂತುಹೋಗಿದ್ದ ತಂಡ ಇದೇನಾ ಅನ್ನಿಸುತ್ತದೆ.

ಕಡೆಯ ಪಾಳಿ ಹರ್ಬರ್ಟ್‌ದು. ಬದಲಿಸುವ ಹೊತ್ತಿನಲ್ಲೂ ಇಳಿಯಲಿಲ್ಲ, ಅವರೇ ಮುಂದುವರಿಸಿದರು. ಜೂನ್ ತಿಂಗಳ ಮಧ್ಯಾಹ್ನ, ಮುಚ್ಚಿದ ಕಾರು, ಬೆನ್ನ ಹಿಂದೆಯೇ ಎಂಜಿನ್. ಮೈಯಲ್ಲಿ ನೀರಿನ ಅಂಶವೇ ಇಲ್ಲದಂತಾಗಿತ್ತು. ಗೆರೆ ದಾಟಿ ಕಾರು ನಿಲ್ಲಿಸಿ ಇಳಿದವರು ಕುಸಿದುಬಿದ್ದರು. ನೇರ ಚಿಕಿತ್ಸೆಗೆ ಎತ್ತಿಕೊಂಡು ಹೋದರು. ಲೆ ಮಾನ್ ಗೆದ್ದ ಮೊದಲ ಜಪಾನಿ ಕಾರಿನ ಸಂಭ್ರಮ ವೇದಿಕೆಯ ಮೇಲೆ ನಡೆಯುವಾಗ ಅದನ್ನು ಗೆರೆ ದಾಟಿಸಿದವನೇ ಅಲ್ಲಿರಲಿಲ್ಲ. 2011ರಲ್ಲಿ, ಇಪ್ಪತ್ತು ವರ್ಷ ತುಂಬಿದಾಗ, ಮಜ್ದಾ ಅದೇ ಕಾರನ್ನು ಲೆ ಮಾನ್‌ಗೆ ತಂದು ಹರ್ಬರ್ಟ್ ಕೈಯಲ್ಲಿ ಒಂದು ಪ್ರದರ್ಶನ ಓಟ ಮಾಡಿಸಿತು. ಆಗ ವೇದಿಕೆ ಹತ್ತಿದರು.

ಇನ್ನೊಂದು ಅಡ್ಡಕಥೆ. ಅದೇ ರೇಸಿನಲ್ಲಿ ಮರ್ಸಿಡಿಸ್‌ನ 31ನೇ ಕಾರಿನಲ್ಲಿ ಮೈಕೆಲ್ ಶುಮಾಕರ್ ಅನ್ನುವ ಹುಡುಗ ಇದ್ದ. ರೇಸಿನ ಅತಿ ವೇಗದ ಸುತ್ತು ಅವನದೇ, ಕಾರು ಐದನೇ ಸ್ಥಾನಕ್ಕೆ ಬಂತು. ಎರಡು ತಿಂಗಳು ಕಳೆದ ಮೇಲೆ ಗೆದ್ದ ಗಾಶೊ ಲಂಡನ್ನಿನಲ್ಲಿ ಜೈಲು ಸೇರಿದ. ಹಿಂದಿನ ವರ್ಷ ಟ್ಯಾಕ್ಸಿ ಚಾಲಕನೊಬ್ಬನ ಜೊತೆ ಜಗಳವಾಡಿ ಅವನ ಮುಖಕ್ಕೆ ಕಣ್ಣುರಿಯುವ ಗ್ಯಾಸು ಹೊಡೆದಿದ್ದ ಕೇಸು. ಗಾಶೊ ಆಗ ಫಾರ್ಮುಲಾ ಒನ್‌ನಲ್ಲಿ ಜೋರ್ಡನ್ ತಂಡದವನು. ಬೆಲ್ಜಿಯಂ ರೇಸಿಗೆ ಅವನ ಸೀಟು ಖಾಲಿಯಾಯಿತು, ಅಲ್ಲಿಗೆ ಬಂದವನು ಶುಮಾಕರ್. ಮುಂದೆ ಅವನು ಫಾರ್ಮುಲಾ ಒನ್‌ನ ದೊಡ್ಡ ಚಾಂಪಿಯನ್ ಆದದ್ದು ಎಲ್ಲರಿಗೂ ಗೊತ್ತು.

ರೇಸ್ ಮುಗಿದ ಮೇಲೆ ಗೆದ್ದ ಎಂಜಿನ್ನನ್ನು ಬಿಚ್ಚಿ ನೋಡಿದರು. ಸುಮಾರು ಐದು ಸಾವಿರ ಕಿಲೋಮೀಟರ್ ದಬಾಯಿಸಿದ ಎಂಜಿನ್, ಒಳಗೆ ಸೀಲ್‌ಗಳು ಇನ್ನೂ ಗಟ್ಟಿಯಾಗಿದ್ದವು. ಇನ್ನೊಂದು ರೇಸ್ ಓಡಿಸಬಹುದಾದ ಸ್ಥಿತಿ. ದೆವ್ವದ ಉಗುರಿನಿಂದ ಶುರು ಮಾಡಿದವರಿಗೆ ಟ್ರೋಫಿಗಿಂತ ಇದೇ ಜಾಸ್ತಿ ಖುಷಿ ಕೊಟ್ಟಿರಬೇಕು.

ಈಗ ನಿಷೇಧಕ್ಕೆ ಬರೋಣ. 787ಬಿ ಆ ವರ್ಷದ ಉಳಿದ ರೇಸುಗಳಲ್ಲೂ ಓಡಿತು, ಬೇರೆ ಯಾವ ದೊಡ್ಡ ರೇಸನ್ನೂ ಗೆಲ್ಲಲಿಲ್ಲ. ಎಲ್ಲಾ ಕಡೆ ಮೆರೆದು ಎದುರಾಳಿಗಳ ನಿದ್ದೆ ಕೆಡಿಸಿದ ಕಾರು ಇದಲ್ಲ. ಒಂದು ರೇಸಿನಲ್ಲಿ, ಆ ರೇಸಿನ ಪೆಟ್ರೋಲ್ ಮತ್ತು ತೂಕದ ಲೆಕ್ಕಕ್ಕೆ ಸರಿಯಾಗಿ ಹೊಂದಿಕೊಂಡ ಕಾರು. ಇಂಥದ್ದಕ್ಕೆ ಹೆದರಿ ನಿಯಮ ಬದಲಿಸುವ ಅಗತ್ಯ ಯಾರಿಗೂ ಇರಲಿಲ್ಲ, ನಿಯಮ ಆಗಲೇ ಬರೆದಿಟ್ಟಾಗಿತ್ತು. 1992ರಲ್ಲಿ ಅದು ಜಾರಿಗೆ ಬಂತು. ಮಜ್ದಾ ಜಾಗ್ವಾರ್ ಎಕ್ಸ್‌ಜೆಆರ್-14 ಕಾರಿನ ಆಧಾರದ ಮೇಲೆ ಎಂಎಕ್ಸ್‌ಆರ್-01 ಮಾಡಿ, ಅದಕ್ಕೆ ಜಡ್ ಕಂಪನಿಯ ವಿ10 ಪಿಸ್ಟನ್ ಎಂಜಿನ್ ಹಾಕಿಕೊಂಡು ಲೆ ಮಾನ್‌ಗೆ ಹೋಗಿ ನಾಲ್ಕನೇ ಸ್ಥಾನ ಪಡೆಯಿತು. ಅದೇ ವರ್ಷ ಜಪಾನಿನಲ್ಲಿ ಫಾರ್ಮುಲಾ 3000 ಓಡಿಸುತ್ತಿದ್ದ ವೈಡ್ಲರ್‌ಗೆ ಕಿವಿಯ ತೊಂದರೆ ಶುರುವಾಗಿ ರೇಸನ್ನೇ ಬಿಡಬೇಕಾಯಿತು.

ಆ ಹೊಸ ನಿಯಮದಿಂದ ಲಾಭ ಆದದ್ದಾದರೂ ಯಾರಿಗೆ? ಖರ್ಚು ತಡೆಯಲಾಗದೆ ತಂಡಗಳು ಒಂದೊಂದಾಗಿ ಕಳಚಿಕೊಂಡವು, 1992 ಮುಗಿಯುತ್ತಿದ್ದಂತೆ ವಿಶ್ವ ಸ್ಪೋರ್ಟ್ಸ್ ಕಾರ್ ಚಾಂಪಿಯನ್‌ಷಿಪ್ಪೇ ಮುಚ್ಚಿಹೋಯಿತು. ರೋಟರಿಯನ್ನು ಹೊರಗಿಟ್ಟ ನಿಯಮ ತನ್ನ ಮನೆಯನ್ನೇ ಕೆಡವಿಕೊಂಡಿತು. ಲೆ ಮಾನ್‌ನವರು ಆಮೇಲೆ ತಮ್ಮದೇ ನಿಯಮ ಮಾಡಿಕೊಂಡರು, ಅದರಲ್ಲಿ ರೋಟರಿಗೆ ಮತ್ತೆ ಜಾಗವೂ ಸಿಕ್ಕಿತು. ಶಾಶ್ವತ ನಿಷೇಧ ಅನ್ನುವವರು ಮರೆಯುವುದು ಇದನ್ನೇ. 1994ರಲ್ಲಿ ಆರ್‌ಎಕ್ಸ್-7 ಓಡಿತು. 1995ರಲ್ಲಿ ಮೂರು ರೋಟರಿನ ಕುಡ್ಜು ಅನ್ನುವ ಕಾರು ಬಂದು ಏಳನೇ ಸ್ಥಾನದಲ್ಲಿ ಮುಗಿಸಿತು. ಅದರ ಮೂವರು ಚಾಲಕರಲ್ಲಿ ಒಬ್ಬರು ತೆರಾದಾ.

787ಬಿ ಈಗ ಹಿರೋಷಿಮಾದ ಮಜ್ದಾ ಮ್ಯೂಸಿಯಂನಲ್ಲಿದೆ. ಲೆ ಮಾನ್ ಗೆಲ್ಲೋಕೆ ಇನ್ನೊಂದು ಜಪಾನಿ ಕಂಪನಿಗೆ 2018ರ ತನಕ ಕಾಯಬೇಕಾಯಿತು. ಅದು ಟೊಯೊಟಾ, ಪಿಸ್ಟನ್ ಎಂಜಿನ್ ಜೊತೆ ಹೈಬ್ರಿಡ್. ಪಿಸ್ಟನ್ ಇಲ್ಲದ ಎಂಜಿನ್ ಅಲ್ಲಿ ಗೆದ್ದದ್ದು ಇವತ್ತಿಗೂ ಆ ಒಂದೇ ಸಲ. ರಸ್ತೆಯ ಮೇಲೆ ಆರ್‌ಎಕ್ಸ್-8 ತಯಾರಿಕೆ 2012ರಲ್ಲಿ ನಿಂತಿತು. 2023ರಲ್ಲಿ ಎಂಎಕ್ಸ್-30 ಅನ್ನುವ ಎಲೆಕ್ಟ್ರಿಕ್ ಕಾರಿನೊಳಗೆ ಮಜ್ದಾ ಮತ್ತೆ ಒಂದು ರೋಟರಿ ಕೂರಿಸಿತು. ಒಂದೇ ರೋಟರ್, ಚಕ್ರ ತಿರುಗಿಸುವ ಕೆಲಸ ಅದಕ್ಕಿಲ್ಲ, ಬ್ಯಾಟರಿ ಚಾರ್ಜ್ ಮಾಡುವುದಷ್ಟೇ.